ಅಂಗೈಯಗಲ ಕಂಡು ಗೋಡೆಯಗಲ ಬರೆದವರು

(ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಆಸಕ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಣ್ಣು ಕಾಣದ ಸಂಗೀತಗಾರ ಎಂದರೆ ಕನ್ನಡಿಗರಾದ ನಮಗೆ ಆಶ್ಚರ್ಯವೇನೂ ಆಗುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮತ್ತು ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಹೊರಬಂದ ಗಾಯಕರು, ವಾದಕರು ಆ ಆಶ್ಚರ್ಯವನ್ನು ಎಂದೋ ಅಳಿಸಿಹಾಕಿದ್ದಾರೆ. ಆದರೆ ಕಣ್ಣು ಕಾಣದ ಚಿತ್ರಕಾರ ಎಂದ ಕೂಡಲೇ ನಾವು ಪವಾಡದ ಭಾಷೆಗೆ ಹೊರಳುತ್ತೇವೆ. ದೈವಕೃಪೆ ಎನ್ನುತ್ತೇವೆ, ಒಳಗಣ್ಣು ಎನ್ನುತ್ತೇವೆ, ಕೈಮುಗಿಯುತ್ತೇವೆ. ಕೈಮುಗಿದ ಮೇಲೆ ಚಿತ್ರವನ್ನು ನೋಡುವುದನ್ನೇ ಮರೆಯುತ್ತೇವೆ.

ಬಂಗಾಳದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಆಗಿರುವ ದೊಡ್ಡ ಅನ್ಯಾಯ ಇದೇ ಎಂದು ನನ್ನ ಭಾವನೆ. ಅವರ ಹೆಸರು ಕೇಳಿದವರಲ್ಲಿ ಹೆಚ್ಚಿನವರು ಅವರನ್ನು ‘ಕುರುಡಾದ ಮೇಲೂ ಚಿತ್ರ ಬರೆದವರು’ ಎಂದೇ ಗುರುತಿಸುತ್ತಾರೆ. ಅದು ನಿಜ. ಆದರೆ ಪೂರ್ತಿ ದೃಷ್ಟಿ ಹೋಗುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು, ಇಪ್ಪತ್ತನೆಯ ಶತಮಾನದ ಭಾರತದ ಅತ್ಯುತ್ತಮ ಭಿತ್ತಿಚಿತ್ರಗಳಲ್ಲಿ ಒಂದನ್ನು ಅವರು ಆಗಲೇ ಬರೆದು ಮುಗಿಸಿದ್ದರು. ಅದನ್ನು ಬರೆಯುವಾಗಲೂ ಅವರಿಗೆ ಇದ್ದದ್ದು ಒಂದೇ ಕಣ್ಣು, ಅದೂ ತೀರಾ ದುರ್ಬಲ. ಕುರುಡಿನ ಮುಂಚೆ, ಕುರುಡಿನ ನಂತರ ಎಂದು ಅವರ ಬದುಕನ್ನು ಎರಡು ತುಂಡು ಮಾಡುವುದು ನನಗೆ ಸರಿಕಾಣುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಅವರು ಒಂದೇ ರೀತಿಯಲ್ಲಿ ಕೆಲಸ ಮಾಡಿದರು: ತುಣುಕು ತುಣುಕಾಗಿ ಹಿಡಿದು, ನೆನಪಿನಲ್ಲಿ ಜೋಡಿಸಿ, ಇಡಿಯಾಗಿ ಕಟ್ಟಿದರು. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟನ್ನೇ. ಉಳಿದದ್ದೆಲ್ಲ ಅದರ ವಿವರ.

ಬಿನೋದ್ ಬಿಹಾರಿ ಹುಟ್ಟಿದ್ದು 1904ರ ಫೆಬ್ರವರಿ 7ರಂದು, ಕಲ್ಕತ್ತಾಕ್ಕೆ ಅಂಟಿಕೊಂಡಿರುವ ಬೆಹಾಲಾದಲ್ಲಿ. ಹುಟ್ಟಿನಿಂದಲೇ ಒಂದು ಕಣ್ಣಿಗೆ ದೃಷ್ಟಿಯಿಲ್ಲ. ಇನ್ನೊಂದಕ್ಕೆ ತೀವ್ರ ಸಮೀಪದೃಷ್ಟಿ ದೋಷ. ಅಂದರೆ ಮುಖಕ್ಕೆ ತೀರಾ ಹತ್ತಿರ ಹಿಡಿದದ್ದು ಸ್ಪಷ್ಟ, ದೂರ ಹೋದಂತೆ ಎಲ್ಲವೂ ಮಸುಕು. ಒಂದೇ ಕಣ್ಣು ಇರುವುದರಿಂದ ಎರಡು ಕಣ್ಣು ಸೇರಿ ಕೊಡುವ ಆಳದ ಅಂದಾಜೂ ಇಲ್ಲ. ಈ ಎರಡು ಸಂಗತಿಗಳನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಅವರ ಚಿತ್ರಗಳ ಮುಂದೆ ನಿಂತಾಗ ಇವೇ ನಮಗೆ ದಾರಿ ತೋರಿಸುತ್ತವೆ.

ಕರಿಹಲಗೆ ಕಾಣದ ಹುಡುಗನಿಗೆ ಅಂದಿನ ಶಾಲೆಗಳಲ್ಲಿ ಏನು ಸಿಗುತ್ತಿತ್ತು ಎಂಬುದನ್ನು ವಿವರಿಸಬೇಕಿಲ್ಲ. ಇಂದಿಗೂ ನಮ್ಮ ಎಷ್ಟೋ ಶಾಲೆಗಳಲ್ಲಿ ಆ ಹುಡುಗ ಕೊನೆಯ ಬೆಂಚಿನಲ್ಲಿಯೇ ಕಳೆದುಹೋಗುತ್ತಾನೆ. ಬಿನೋದ್ ಬಿಹಾರಿಯ ಓದು ಕಣ್ಣಿನ ಕಾರಣಕ್ಕೆ ಮತ್ತೆ ಮತ್ತೆ ನಿಂತಿತು. 1917ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಮನೆಯವರು ಅವರನ್ನು ಶಾಂತಿನಿಕೇತನಕ್ಕೆ ಸೇರಿಸಿದರು. ರವೀಂದ್ರನಾಥ ಟಾಗೋರರ ಆ ಶಾಲೆಯಲ್ಲಿ ಪಾಠಗಳು ಮರದ ಕೆಳಗೆ ನಡೆಯುತ್ತಿದ್ದವು. ಸುತ್ತಲೂ ಬೀರ್‌ಭೂಮ್ ಜಿಲ್ಲೆಯ ಬಯಲು, ತಾಳೆಮರಗಳು, ಸಂತಾಲರ ಊರುಗಳು, ಮಳೆನೀರು ಕೊರೆದು ಕೊರೆದು ಸೀಳಿಟ್ಟ ಕೆಮ್ಮಣ್ಣಿನ ಕೊರಕಲುಗಳು. ಆ ಕೊರಕಲು ನೆಲವನ್ನು ಅಲ್ಲಿಯವರು ಖೋಯಾಯ್ ಎನ್ನುತ್ತಾರೆ. ಮುಂದೆ ಅದೇ ಬಿನೋದ್ ಬಿಹಾರಿಯವರ ಚಿತ್ರಗಳ ನೆಲವಾಯಿತು.

1919ರಲ್ಲಿ ಟಾಗೋರರು ಶಾಂತಿನಿಕೇತನದಲ್ಲಿ ಕಲಾಭವನ ಎಂಬ ಕಲಾಶಾಲೆಯನ್ನು ಆರಂಭಿಸಿದರು. ಅದರ ಮೊದಲ ವಿದ್ಯಾರ್ಥಿಗಳ ಗುಂಪಿನಲ್ಲಿ ಬಿನೋದ್ ಬಿಹಾರಿಯೂ ಇದ್ದರು. ಕೆಲಕಾಲದಲ್ಲೇ ಕಲಾಭವನದ ಹೊಣೆ ಚಿತ್ರಕಾರ ನಂದಲಾಲ ಬೋಸ್ ಅವರ ಹೆಗಲೇರಿತು. ನಂದಲಾಲರಿಗೆ ಈ ಹುಡುಗನ ಬಗ್ಗೆ ಅಳುಕಿತ್ತು. ಕಣ್ಣೇ ಸರಿಯಿಲ್ಲದವನು ಚಿತ್ರಕಾರನಾಗುವುದು ಹೇಗೆ, ಇವನ ಆಯುಷ್ಯವನ್ನು ನಾವು ವ್ಯರ್ಥಮಾಡುತ್ತಿದ್ದೇವೆಯೇ ಎಂಬುದು ಒಬ್ಬ ಒಳ್ಳೆಯ ಗುರುವಿಗೆ ಬರಬೇಕಾದ ಆತಂಕವೇ. ವಿಷಯ ಟಾಗೋರರವರೆಗೆ ಹೋಯಿತು. ಹುಡುಗ ದಿನವೂ ಬಂದು ಕುಳಿತು ಆಸಕ್ತಿಯಿಂದ ಕೆಲಸ ಮಾಡುತ್ತಾನೆಯೇ ಎಂದು ಅವರು ಕೇಳಿದರಂತೆ. ಹೌದು ಎಂದಾಗ, ಹಾಗಾದರೆ ಅವನ ಪಾಡಿಗೆ ಅವನನ್ನು ಬಿಡಿ, ಮುಂದಿನದರ ಚಿಂತೆ ಬೇಡ ಎಂಬರ್ಥದ ಮಾತು ಹೇಳಿದರು ಎಂಬುದು ಶಾಂತಿನಿಕೇತನದಲ್ಲಿ ಉಳಿದುಬಂದಿರುವ ಕಥೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಟಾಗೋರರ ಔದಾರ್ಯವಲ್ಲ. ಅವರು ಕೇಳಿದ ಪ್ರಶ್ನೆ. ಹುಡುಗನಿಗೆ ಎಷ್ಟು ಕಾಣುತ್ತದೆ ಎಂದು ಅವರು ಕೇಳಲಿಲ್ಲ, ಕೆಲಸ ಮಾಡುತ್ತಾನೆಯೇ ಎಂದು ಕೇಳಿದರು. ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವಾಗ ಕೇಳಬೇಕಾದದ್ದು ಅದೊಂದೇ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಈ ನಂದಲಾಲ ಬೋಸ್ ಮತ್ತು ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಚಿತ್ರಕಾರ ಅವನೀಂದ್ರನಾಥ ಟಾಗೋರರ ಬಳಿ ಒಟ್ಟಿಗೆ ಕಲಿತವರು. ಪುರಾಣದ ಚಿತ್ರಗಳಿಂದ ಆರಂಭಿಸಿದ ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳ ಮಂಜು ಬೆಳಕಿನ ಕಡೆಗೆ ತಿರುಗಿದರು. ಅದೇ ಗುರುಪರಂಪರೆಯ ಮುಂದಿನ ತಲೆಮಾರಿನ ಬಿನೋದ್ ಬಿಹಾರಿ ಪುರಾಣದ ಕಡೆಗೆ ಹೆಚ್ಚು ಸುಳಿಯಲೇ ಇಲ್ಲ. ಬಂಗಾಳಿ ಶೈಲಿಯ ದೇವತೆಗಳು, ರಾಜಕುಮಾರಿಯರು, ಮೃದುವಾದ ಮಬ್ಬು ಬಣ್ಣಗಳು ಇವರನ್ನು ಸೆಳೆಯಲಿಲ್ಲ. ಕಣ್ಣೆದುರಿನ ಮರ, ಹಾದಿ, ಕೊರಕಲು, ಬಿಸಿಲು, ಒಬ್ಬಂಟಿಯಾಗಿ ನಡೆದುಹೋಗುವ ಮನುಷ್ಯ, ಇಷ್ಟೇ ಸಾಕಾಗಿತ್ತು. ದೂರದ್ದು ಕಾಣದವನು ಭೂದೃಶ್ಯ ಬರೆಯುವುದೇ ಎಂದು ನೀವು ಕೇಳಬಹುದು. ಒಂದೆಡೆ ನಿಂತು ಒಂದು ನೋಟವನ್ನು ಹಿಡಿಯುವುದಷ್ಟೇ ಭೂದೃಶ್ಯವಾದರೆ ಅವರಿಗೆ ಅದು ಸಾಧ್ಯವಿರಲಿಲ್ಲ. ಅವರು ನೆಲವನ್ನು ನಡೆದು ತಿಳಿದರು. ಹತ್ತಿರ ಹೋಗಿ ಒಂದು ಮರವನ್ನು ನೋಡುವುದು, ಮುಂದೆ ನಡೆಯುವುದು, ಇನ್ನೊಂದನ್ನು ನೋಡುವುದು. ಮನೆಗೆ ಬಂದು ನೆನಪಿನಿಂದ ಎಲ್ಲವನ್ನೂ ಒಂದು ಸಾಲಿನಲ್ಲಿ ಇಡುವುದು.

ಹೀಗೆ ಕಾಣುವವರಿಗೆ ಹೇಳಿಮಾಡಿಸಿದ ಒಂದು ಚಿತ್ರಪ್ರಕಾರ ಏಷ್ಯಾದಲ್ಲಿ ಸಾವಿರ ವರ್ಷಗಳಿಂದ ಇದೆ. ಅದೇ ಚೀನಾ, ಜಪಾನಿನ ಕೈಸುರುಳಿ ಚಿತ್ರ. ಅದನ್ನು ಗೋಡೆಗೆ ತೂಗುಹಾಕಿ ದೂರದಿಂದ ನೋಡುವುದಿಲ್ಲ. ಮೇಜಿನ ಮೇಲೆ ಇಟ್ಟು ಒಂದು ಕೈಯಲ್ಲಿ ಬಿಚ್ಚುತ್ತ ಇನ್ನೊಂದು ಕೈಯಲ್ಲಿ ಸುತ್ತುತ್ತ ಒಂದು ತೋಳಿನಷ್ಟು ಅಗಲವನ್ನು ಮಾತ್ರ ನೋಡುತ್ತ ಸಾಗಬೇಕು. ಇಡೀ ಚಿತ್ರ ಒಮ್ಮೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೋಡುಗನ ನೆನಪಿನಲ್ಲಿ ಮಾತ್ರ ಅದು ಇಡಿಯಾಗುತ್ತದೆ. ಅಂದರೆ ಕೈಸುರುಳಿಯ ಮುಂದೆ ಒಳ್ಳೆಯ ಕಣ್ಣಿನವರು, ದುರ್ಬಲ ಕಣ್ಣಿನವರು ಇಬ್ಬರೂ ಸಮಾನರು. 1924ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಿನೋದ್ ಬಿಹಾರಿ ಶಾಂತಿನಿಕೇತನದ ದೃಶ್ಯಗಳನ್ನು ಸುಮಾರು 44 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಬರೆದರು. ಮರಗಳ ಗುಂಪು, ಬಯಲು, ಮತ್ತೆ ಮರಗಳು, ಅಲ್ಲೊಬ್ಬ ಇಲ್ಲೊಬ್ಬ ಮನುಷ್ಯ. ಅದು ನಡೆಯುತ್ತ ಕಂಡ ನೆಲ. ಕಣ್ಣಿನ ಮಿತಿಯೇ ಅವರನ್ನು ಈ ಪ್ರಕಾರದ ಕಡೆಗೆ ಒಯ್ದಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಸುರುಳಿಗೂ ಆ ಕಣ್ಣಿಗೂ ಇರುವ ಹೊಂದಾಣಿಕೆ ಬರಿಯ ಕಾಕತಾಳೀಯ ಎಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

1925ರಲ್ಲಿ ಅವರು ಕಲಾಭವನದಲ್ಲೇ ಅಧ್ಯಾಪಕರಾದರು. ಗ್ರಂಥಾಲಯ ಮತ್ತು ಸಂಗ್ರಹಾಲಯದ ಕೆಲಸವನ್ನೂ ನೋಡಿಕೊಂಡರು. ಓದಬೇಡಿ ಎಂದು ಕಣ್ಣು ಹೇಳುತ್ತಿದ್ದರೂ ಪುಸ್ತಕವನ್ನು ಮುಖಕ್ಕೆ ಒತ್ತಿ ಹಿಡಿದು ಪೂರ್ವದ ಹಾಗೂ ಪಶ್ಚಿಮದ ಕಲೆಯ ಚರಿತ್ರೆಯನ್ನು ಓದಿಕೊಂಡವರು ಅವರು. ಆ ಓದು ಮುಂದೆ ಅವರನ್ನು ಕಾಪಾಡಿತು. 1937-38ರಲ್ಲಿ ಜಪಾನಿಗೆ ಹೋದರು. ಸೆಶ್ಶು, ಸೋತಾತ್ಸು ಅವರಂಥ ಹಳೆಯ ಜಪಾನಿ ಕಲಾವಿದರ ಕೆಲಸ ಅವರನ್ನು ಬಹಳವಾಗಿ ಹಿಡಿಯಿತು. ಕುಂಚದ ಒಂದೇ ಬೀಸಿನಲ್ಲಿ ಆಕಾರವನ್ನೂ ಅದರ ಭಾರವನ್ನೂ ಹೇಳಿಬಿಡುವ ಗೆರೆ, ಬಿಟ್ಟ ಜಾಗವೂ ಚಿತ್ರವೇ ಆಗುವ ಬಗೆ, ಇವು ಅಲ್ಲಿಂದ ಅವರಿಗೆ ಗಟ್ಟಿಯಾದವು.

ಈಗ ಗೋಡೆಗಳ ಬಳಿಗೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ.

ಭಿತ್ತಿಚಿತ್ರ ಬರೆಯುವವರಿಗೆ ಮೊದಲು ಹೇಳಿಕೊಡುವ ಪಾಠ ಹಿಂದೆ ಸರಿದು ನೋಡು ಎಂಬುದು. ಗೋಡೆಗೆ ಮೂಗು ತಾಗಿಸಿ ಕೆಲಸ ಮಾಡುವಾಗ ಅಳತೆ ತಪ್ಪುತ್ತದೆ. ಆಗಾಗ ಅಟ್ಟಣಿಗೆಯಿಂದ ಇಳಿದು, ಕೋಣೆಯ ಇನ್ನೊಂದು ತುದಿಗೆ ಹೋಗಿ, ಎಲ್ಲಿ ಭಾರ ಹೆಚ್ಚಾಯಿತು, ಎಲ್ಲಿ ತಲೆ ದೊಡ್ಡದಾಯಿತು ಎಂದು ನೋಡಬೇಕು. ಬಿನೋದ್ ಬಿಹಾರಿ ಹಿಂದೆ ಸರಿದರೆ ಗೋಡೆಯೇ ಮಸುಕಾಗುತ್ತಿತ್ತು. ಎಲ್ಲ ಭಿತ್ತಿಚಿತ್ರಕಾರರಿಗೆ ಇರುವ ಈ ದೊಡ್ಡ ಅನುಕೂಲ ಅವರಿಗೆ ಇರಲೇ ಇಲ್ಲ. ಅವರಿಗೆ ಗೋಡೆ ಸಿಗುತ್ತಿದ್ದದ್ದು ಅಂಗೈಯಗಲ, ಹೆಚ್ಚೆಂದರೆ ಮೊಳದಗಲ.

1940ರಲ್ಲಿ ಅವರು ಕಲಾಭವನದ ವಿದ್ಯಾರ್ಥಿ ನಿಲಯದ ಚಾವಣಿಯ ಮೇಲೆ ಬೀರ್‌ಭೂಮಿನ ಹಳ್ಳಿಯ ಬದುಕನ್ನು ಬರೆದರು. ನಡುವೆ ಒಂದು ಕೆರೆ. ಅದರ ಸುತ್ತ ನಾಲ್ಕೂ ದಿಕ್ಕಿಗೆ ಮರಗಳು, ಮನೆಗಳು, ದನಕರುಗಳು, ಕೆಲಸದಲ್ಲಿ ತೊಡಗಿರುವ ಜನ. ಈ ಚಿತ್ರಕ್ಕೆ ಮೇಲು ಕೆಳಗು ಎಂಬುದಿಲ್ಲ. ಕೆಳಗೆ ನಿಂತವನು ಕತ್ತೆತ್ತಿ ಸುತ್ತು ತಿರುಗುತ್ತ ನೋಡಬೇಕು, ಊರಿನ ಕೆರೆಯ ಏರಿಯ ಮೇಲೆ ಒಂದು ಸುತ್ತು ಬಂದ ಹಾಗೆ. ಒಂದೇ ಸ್ಥಳದಿಂದ ಎಲ್ಲವನ್ನೂ ಆಳುವ ನೋಟವನ್ನು ಇಲ್ಲಿ ಅವರು ಕೈಬಿಟ್ಟಿದ್ದಾರೆ. ಅದೇ ವರ್ಷ ಕಲಾಭವನಕ್ಕೆ ವಿದ್ಯಾರ್ಥಿಯಾಗಿ ಬಂದ ಒಬ್ಬ ಎತ್ತರದ ತರುಣನ ಕಣ್ಣಿಗೆ ಈ ಚಾವಣಿ ಬಿತ್ತು. ಅವರು ಸತ್ಯಜಿತ್ ರೇ. ಬಿನೋದ್ ಬಿಹಾರಿಯವರ ಮೇಲೆ ರೇ ಅವರಿಗೆ ಹುಟ್ಟಿದ ಗೌರವ ಕೊನೆಯವರೆಗೆ ಉಳಿಯಿತು. 1942ರಲ್ಲಿ ಅಲ್ಲಿಯದೇ ಚೀನಾ ಭವನದ ಗೋಡೆಯ ಮೇಲೆ ಶಾಂತಿನಿಕೇತನದ ದಿನನಿತ್ಯದ ಬದುಕು ಬಂತು.

ಆಮೇಲೆ 1946-47. ಶಾಂತಿನಿಕೇತನದ ಹಿಂದಿ ಭವನ.

ಮೂರು ಗೋಡೆಗಳ ಮೇಲ್ಭಾಗದಲ್ಲಿ, ಒಟ್ಟು 70 ಅಡಿಗೂ ಮಿಕ್ಕ ಉದ್ದದಲ್ಲಿ, ಮಧ್ಯಯುಗದ ಸಂತರ ಬದುಕು. ಬಳಸಿದ್ದು ಹಸಿಗಾರೆಯ ತಂತ್ರ. ಈ ತಂತ್ರದ ಗುಣ ಗೊತ್ತಿಲ್ಲದಿದ್ದರೆ ಈ ಕೆಲಸದ ಎದೆಗಾರಿಕೆ ಅರ್ಥವಾಗುವುದಿಲ್ಲ, ಆದ್ದರಿಂದ ಎರಡು ಮಾತು. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗ, ನೀರಿನಲ್ಲಿ ಅರೆದ ಬಣ್ಣವನ್ನು ಅದರ ಮೇಲೆ ಹಚ್ಚುತ್ತಾರೆ. ಅಂಟು ಬೇಕಿಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಆ ದಿನ ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ಒಣಗುವ ಮೊದಲು ಮುಗಿಸಬೇಕು. ತಪ್ಪಾದರೆ ಒರೆಸಿ ತಿದ್ದುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಶಾಂತಿನಿಕೇತನದಲ್ಲಿ ಈ ವಿದ್ಯೆಗೆ ನೆಲೆ ಇತ್ತು. 1927ರಲ್ಲಿ ನಂದಲಾಲರು ಜಯಪುರದಿಂದ ನರಸಿಂಗಲಾಲ್ ಎಂಬ ಸಾಂಪ್ರದಾಯಿಕ ಕುಶಲಕರ್ಮಿಯನ್ನು ಕರೆಸಿ ಎಲ್ಲರಿಗೂ ಕಲಿಸಿದ್ದರು.

ಸಾಮಾನ್ಯವಾಗಿ ಇಂಥ ಗೋಡೆಗೆ ಮೊದಲು ಅಷ್ಟೇ ದೊಡ್ಡ ಕಾಗದದ ಮೇಲೆ ಪೂರ್ತಿ ನಕ್ಷೆ ಬರೆದುಕೊಂಡು ಅದನ್ನು ಗೋಡೆಗೆ ಇಳಿಸುತ್ತಾರೆ. ಬಿನೋದ್ ಬಿಹಾರಿ ಅದನ್ನೂ ಮಾಡಲಿಲ್ಲ. ಚಿಕ್ಕ ಪಟ್ಟಿಗಳ ಮೇಲೆ ಬರೆದ ಕರಡುಗಳಿದ್ದವು. ಉಳಿದದ್ದು ತಲೆಯಲ್ಲಿತ್ತು. ಶಿಷ್ಯ ಕೆ.ಜಿ. ಸುಬ್ರಮಣ್ಯನ್, ಬಿನೋದ್ ಬಿಹಾರಿಯವರ ಪತ್ನಿ ಲೀಲಾ, ಇನ್ನೂ ಕೆಲವರು ನೆರವಿಗಿದ್ದರು. ಗಾರೆ ಒಣಗುತ್ತಿರುವಾಗ, ಮೊಳದಗಲ ಮಾತ್ರ ಕಾಣುವ ಒಬ್ಬ ಮನುಷ್ಯ, ನಿನ್ನೆ ಎಡಕ್ಕೆ ಬರೆದದ್ದನ್ನೂ ನಾಳೆ ಬಲಕ್ಕೆ ಬರೆಯಬೇಕಾದದ್ದನ್ನೂ ಮನಸ್ಸಿನಲ್ಲಿ ಹಿಡಿದುಕೊಂಡು, ಇಂದಿನ ತುಣುಕನ್ನು ತಪ್ಪಿಲ್ಲದೆ ಬರೆದು ಮುಗಿಸುತ್ತಾನೆ. ಹೀಗೆ 70 ಅಡಿ. ಪವಾಡ ಎಂಬ ಮಾತನ್ನು ನಾನು ಯಾಕೆ ದ್ವೇಷಿಸುತ್ತೇನೆ ಎಂಬುದು ಈಗ ನಿಮಗೆ ತಿಳಿದಿರಬಹುದು. ಪವಾಡಕ್ಕೆ ಅಭ್ಯಾಸ ಬೇಕಿಲ್ಲ. ಇದರ ಹಿಂದೆ ಇಪ್ಪತ್ತೈದು ವರ್ಷಗಳ ಅಭ್ಯಾಸವಿದೆ. 1924ರ ಆ ಸುರುಳಿಯಲ್ಲಿ ಕಲಿತದ್ದೇ ಇಲ್ಲಿ ಗೋಡೆ ಏರಿದೆ.

ಈ ಗೋಡೆಯ ಮೇಲೆ ಕಬೀರ, ಸೂರದಾಸ, ತುಲಸೀದಾಸ, ಗುರು ಗೋವಿಂದ ಸಿಂಗ್ ಇದ್ದಾರೆ. ಆದರೆ ಅವರನ್ನು ಹುಡುಕಬೇಕು. ಪ್ರಭಾವಳಿ ಹೊತ್ತು ನಡುವೆ ಕುಳಿತವರು ಯಾರೂ ಇಲ್ಲ. ಜನ ಗುಂಪುಗುಂಪಾಗಿ ಬರುತ್ತಾರೆ, ಹೋಗುತ್ತಾರೆ, ಹೊರೆ ಹೊರುತ್ತಾರೆ, ಓಣಿಗಳಲ್ಲಿ ನಿಲ್ಲುತ್ತಾರೆ. ಆ ಹರಿವಿನ ನಡುವೆಯೇ ಸಂತರೂ ಇದ್ದಾರೆ. ಉದ್ದುದ್ದ ಆಕೃತಿಗಳು, ಒಬ್ಬರ ಅಂಚು ಇನ್ನೊಬ್ಬರ ಅಂಚನ್ನು ಒತ್ತಿಕೊಂಡೇ ಮುಂದುವರಿಯುತ್ತದೆ. ಬಿಡಿ ಬಿಡಿ ವ್ಯಕ್ತಿಗಳನ್ನು ಬರೆದು ನಡುವೆ ಜಾಗ ತುಂಬಿದ್ದಲ್ಲ ಇದು. ಒಂದು ಗೆರೆ ಮುಗಿಯುವಲ್ಲಿ ಇನ್ನೊಂದು ಹುಟ್ಟುತ್ತದೆ. ಹಿಂದೆ ಸರಿದು ನೋಡಲಾರದವನು ಅಳತೆಯನ್ನು ಕಾಪಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು: ಪ್ರತಿ ಆಕೃತಿಯನ್ನೂ ಪಕ್ಕದ ಆಕೃತಿಯಿಂದಲೇ ಅಳೆಯುವುದು. ಸಂಯೋಜನೆಯ ಲಯವೂ ದೃಷ್ಟಿಯ ಮಿತಿಯೂ ಇಲ್ಲಿ ಎಷ್ಟು ಹದವಾಗಿ ಬೆರೆತಿವೆ ಎಂದರೆ, ಯಾವುದು ಯಾವುದರಿಂದ ಬಂತು ಎಂದು ಬಿಡಿಸಲಾಗುವುದಿಲ್ಲ.

ಕಾಲವನ್ನೂ ಮರೆಯಬಾರದು. 1946ರ ಆಗಸ್ಟಿನಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಒಬ್ಬರನ್ನೊಬ್ಬರು ಕೊಂದರು. ಮರುವರ್ಷ ದೇಶ ಎರಡಾಯಿತು. ಅದೇ ತಿಂಗಳುಗಳಲ್ಲಿ, ಅದೇ ಬಂಗಾಳದಲ್ಲಿ, ಒಬ್ಬ ಚಿತ್ರಕಾರ ಗೋಡೆಯ ಮೇಲೆ ನೇಕಾರ ಕಬೀರನನ್ನು ಜನಸಂದಣಿಯ ನಡುವೆ ನಿಲ್ಲಿಸುತ್ತಿದ್ದ. ಅವರು ಘೋಷಣೆ ಕೂಗುವವರಲ್ಲ. ಆದರೆ ಆ ಹೊತ್ತಿನಲ್ಲಿ ಆ ವಸ್ತುವನ್ನು ಆರಿಸಿಕೊಂಡದ್ದರಲ್ಲಿ ಏನೂ ಇಲ್ಲ ಎಂದುಕೊಳ್ಳಲು ನನಗೆ ಆಗದು. ಇನ್ನೊಂದು ಸಂಗತಿ: ಸೂರದಾಸ ಕಣ್ಣಿಲ್ಲದ ಕವಿ ಎಂದೇ ನಮ್ಮ ಪರಂಪರೆ ನೆನೆಯುತ್ತದೆ. ತನ್ನ ಒಂದು ಕಣ್ಣಿನ ದೀಪ ಎಷ್ಟು ದಿನವೋ ಎಂದು ಬಲ್ಲ ಚಿತ್ರಕಾರ ಸೂರದಾಸನನ್ನು ಬರೆದ. ಬರೆಯುವಾಗ ಅವನಿಗಾಗಿ ವಿಶೇಷ ಜಾಗವನ್ನೇನೂ ಕೇಳಲಿಲ್ಲ. ಉಳಿದವರ ಸಾಲಿನಲ್ಲೇ ಅವನನ್ನೂ ಸೇರಿಸಿದ.

ಮುಂದಿನ ಹತ್ತು ವರ್ಷಗಳನ್ನು ಬೇಗ ದಾಟುತ್ತೇನೆ. 1949ರಲ್ಲಿ ಅವರು ಶಾಂತಿನಿಕೇತನ ಬಿಟ್ಟು ಕಠ್ಮಂಡುವಿನ ನೇಪಾಳ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರು. 1951-52ರಲ್ಲಿ ರಾಜಸ್ಥಾನದ ಬನಸ್ಥಲಿ ವಿದ್ಯಾಪೀಠದಲ್ಲಿ ಕಲಿಸಿದರು. ಆಮೇಲೆ ಪತ್ನಿಯೊಂದಿಗೆ ಮಸ್ಸೂರಿಯಲ್ಲಿ ಕಲಾ ತರಬೇತಿ ಶಾಲೆಯೊಂದನ್ನು ನಡೆಸಿದರು. 1944ರಲ್ಲಿ ಅವರು ಮದುವೆಯಾದ ಲೀಲಾ ಮನ್ಸುಖಾನಿ ಸ್ವತಃ ಶಿಲ್ಪಿ, ಮರದಲ್ಲಿ ಕೆತ್ತುವವರು. ಮಗಳು ಮೃಣಾಲಿನಿ ಹುಟ್ಟಿದ್ದು 1949ರಲ್ಲಿ.

ಕಾಣುತ್ತಿದ್ದ ಒಂದು ಕಣ್ಣಿಗೂ ಪೊರೆ ಬಂತು. 1956-57ರ ಸುಮಾರಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಅದು ಫಲಿಸಲಿಲ್ಲ. ಬೆಳಕು ಪೂರ್ತಿ ಹೋಯಿತು. ಫ್ರಾನ್ಸಿನ ಚಿತ್ರಕಾರ ಮೋನೆಗೂ ಪೊರೆ ಬಂದಿತ್ತು, 1923ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವರಿಗೆ ನೋಟ ಮರಳಿತು, ತಾವರೆಕೊಳದ ಚಿತ್ರಗಳನ್ನು ಮುಂದುವರಿಸಿದರು. ಬಿನೋದ್ ಬಿಹಾರಿಗೆ ಆ ಅದೃಷ್ಟ ಇರಲಿಲ್ಲ. ಐವತ್ತು ದಾಟಿದ ಮನುಷ್ಯ, ಹೆಂಡತಿ, ಎಳೆಯ ಮಗಳು. ಆ ದಿನಗಳ ನೋವನ್ನು ಹಗುರ ಮಾಡಿ ಮಾತಾಡುವುದು ಸುಲಭ. ನಾನು ಹಾಗೆ ಮಾಡಲಾರೆ. ಚಿತ್ರಕಾರನಿಗೆ ಕಣ್ಣು ಹೋಗುವುದು ದೊಡ್ಡ ನಷ್ಟವೇ. ಕುರುಡುತನದಿಂದ ಕಲೆ ಇನ್ನೂ ಬೆಳಗಿತು ಎಂದೆಲ್ಲ ಹೇಳುವವರು ಆ ನಷ್ಟವನ್ನು ಅನುಭವಿಸಿದವರಲ್ಲ.

ಅವರು ಮಾಡಿದ್ದೇನು ಎಂದರೆ, ಉಳಿದದ್ದನ್ನು ಲೆಕ್ಕ ಹಾಕಿದರು. ಕೈ ಉಳಿದಿತ್ತು. ನೆನಪು ಉಳಿದಿತ್ತು. ತುಣುಕುಗಳಿಂದ ಇಡಿಯನ್ನು ಕಟ್ಟುವ ಅಭ್ಯಾಸ ಉಳಿದಿತ್ತು. ಈ ಮೂರನೆಯದು ಇಲ್ಲದಿದ್ದರೆ ಮೊದಲಿನ ಎರಡರಿಂದ ಹೆಚ್ಚಿನ ಪ್ರಯೋಜನವಿರುತ್ತಿರಲಿಲ್ಲ ಎಂದು ನನಗೆ ತೋರುತ್ತದೆ. ಪೂರ್ಣದೃಷ್ಟಿಯಿದ್ದು, ಇಡೀ ನೋಟವನ್ನು ಒಮ್ಮೆಗೇ ಹಿಡಿದು ರೂಢಿಯಾಗಿದ್ದ ಒಬ್ಬ ಕಲಾವಿದನಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಿದ್ದರೆ ಅವನು ಮೊದಲಿನಿಂದ ಕಲಿಯಬೇಕಾಗುತ್ತಿತ್ತು. ಇವರಿಗೆ ಅರ್ಧ ಪಾಠ ಬಾಲ್ಯದಲ್ಲೇ ಆಗಿತ್ತು.

ಅವರು ಮೇಣದಲ್ಲಿ ಚಿಕ್ಕ ಶಿಲ್ಪಗಳನ್ನು ಮಾಡಿದರು. ಫೆಲ್ಟ್ ಪೆನ್ನಿನಿಂದ ಗೆರೆಚಿತ್ರಗಳನ್ನು ಬರೆದರು. ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿ ಕೊಲಾಜ್‌ಗಳನ್ನು ಮಾಡಿದರು. ಕಾಗದ ಅವರಿಗೆ ಯಾಕೆ ಒದಗಿತು ಎಂಬುದನ್ನು ಗಮನಿಸಿ. ಕುಂಚದಿಂದ ಎಳೆದ ಗೆರೆ ಬೆರಳಿಗೆ ಸಿಗುವುದಿಲ್ಲ. ಕತ್ತರಿಸಿದ ಕಾಗದಕ್ಕೆ ಅಂಚು ಇದೆ, ಮಡಿಸಿದ ಕಾಗದಕ್ಕೆ ಏಣು ಇದೆ. ಬೆರಳು ಅದನ್ನು ಓದುತ್ತದೆ. ಅಂಟಿಸುವ ಮುನ್ನ ಸರಿಸಿ ನೋಡಬಹುದು, ತಿರುಗಿಸಬಹುದು. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಮತಿಸ್ ಕೂಡ 1941ರ ಶಸ್ತ್ರಚಿಕಿತ್ಸೆಯ ನಂತರ ಗಾಲಿಕುರ್ಚಿ, ಹಾಸಿಗೆಗಳಿಂದಲೇ ಕತ್ತರಿ ಹಿಡಿದು ಕಾಗದದ ಚಿತ್ರಗಳ ಕಡೆಗೆ ತಿರುಗಿದ್ದರು. ದೇಹ ಒಂದು ದಾರಿಯನ್ನು ಮುಚ್ಚಿದಾಗ ವಿಧಾನವನ್ನು ಬದಲಿಸಿಕೊಳ್ಳುವುದು ದೊಡ್ಡ ಕಲಾವಿದರ ವೃತ್ತಿಬುದ್ಧಿ. ಅದರಲ್ಲಿ ನಿಗೂಢವೇನೂ ಇಲ್ಲ.

1958ರಲ್ಲಿ ಅವರು ಕಲಾಭವನಕ್ಕೆ ಮರಳಿದರು. ಕಣ್ಣಿಲ್ಲದ ಅಧ್ಯಾಪಕರನ್ನು ಒಂದು ಕಲಾಶಾಲೆ ಮತ್ತೆ ಕರೆದುಕೊಂಡಿತು. ಅವರು ಕಲಿಸಿದ್ದು ಕಲೆಯ ಚರಿತ್ರೆಯನ್ನು. ಮೂವತ್ತು ವರ್ಷ ಮುಖಕ್ಕೆ ಒತ್ತಿ ಓದಿದ ಪುಸ್ತಕಗಳು, ಹತ್ತಿರದಿಂದ ನೋಡಿದ ಚಿತ್ರಗಳು ಈಗ ಅವರೊಳಗಿನ ಗ್ರಂಥಾಲಯವಾಗಿದ್ದವು. ಮುಂದೆ ಅವರು ಕಲಾಭವನದ ಪ್ರಾಂಶುಪಾಲರೂ ಆದರು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಿನೋದ್ ಬಿಹಾರಿ ಒಬ್ಬಂಟಿಯಾಗಿ ಗೆದ್ದ ವೀರರಲ್ಲ. ಒಂದು ಸಂಸ್ಥೆ ಅವರಿಗೆ ಬಾಲ್ಯದಲ್ಲಿ ಜಾಗ ಕೊಟ್ಟಿತು, ಯೌವನದಲ್ಲಿ ಕೆಲಸ ಕೊಟ್ಟಿತು, ಗೋಡೆಗಳನ್ನು ಕೊಟ್ಟಿತು, ಕಣ್ಣು ಹೋದ ಮೇಲೆ ತರಗತಿಯನ್ನು ಕೊಟ್ಟಿತು. ಗಾರೆ ಕಲಸಲು, ಟೈಲ್ ಜೋಡಿಸಲು ಶಿಷ್ಯರು ಇದ್ದರು. ಮನೆಯಲ್ಲಿ ಕೆಲಸದ ಮರ್ಮ ತಿಳಿದ ಶಿಲ್ಪಿ ಪತ್ನಿ ಇದ್ದರು. ಸಾಧಕರ ಕಥೆ ಹೇಳುವಾಗ ನಾವು ಛಲದ ಬಗ್ಗೆ ಮಾತಾಡಿ ಇವರೆಲ್ಲರನ್ನೂ ಮರೆಯುತ್ತೇವೆ. ಛಲವಿದ್ದ ಎಷ್ಟೋ ಮಕ್ಕಳು ಇಂಥ ಜಾಗ ಸಿಗದೆ ಕಾಣೆಯಾಗಿದ್ದಾರೆ.

1972ರಲ್ಲಿ ಕಲಾಭವನದ ಹೊರಗೋಡೆಯೊಂದಕ್ಕೆ ಅವರು ಮತ್ತೆ ಭಿತ್ತಿಚಿತ್ರ ಮಾಡಿದರು. ಪೂರ್ತಿ ಕುರುಡಾಗಿದ್ದಾಗ. ಕಾಗದವನ್ನು ಮಡಿಸಿ, ಕತ್ತರಿಸಿ ಮನುಷ್ಯಾಕೃತಿಗಳನ್ನು ಮಾಡಿದರು. ಅವುಗಳ ಆಧಾರದ ಮೇಲೆ ಮೆರುಗಿನ ಪಿಂಗಾಣಿ ಟೈಲ್‌ಗಳಲ್ಲಿ ಗೋಡೆಯ ಚಿತ್ರ ಮೂಡಿತು. ಜೋಡಿಸುವುದಕ್ಕೆ ವಿದ್ಯಾರ್ಥಿಗಳು ಕೈಹಾಕಿದರು. ಕಾಗದದ ಮಡಿಕೆಯ ನೇರ ಅಂಚುಗಳು ಗೋಡೆಯ ಮೇಲೂ ಹಾಗೆಯೇ ಉಳಿದಿವೆ. ಬಾಗಿದ ಬೆನ್ನು, ಎತ್ತಿದ ತೋಳು, ಕುಳಿತ ಮೈ ಎಲ್ಲವೂ ಕೆಲವೇ ಸಮತಲಗಳಲ್ಲಿ. ಮತ್ತೆ ಅದೇ ಬಗೆ: ಒಂದೊಂದು ತುಣುಕು ಕೈಗೆಟುಕುವಷ್ಟು, ಗೋಡೆ ಮನಸ್ಸಿನಲ್ಲಿ.

ಅದೇ ವರ್ಷ ಸತ್ಯಜಿತ್ ರೇ ತಮ್ಮ ಗುರುವಿನ ಬಗ್ಗೆ ‘ದಿ ಇನ್ನರ್ ಐ’ ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಈ ಟೈಲ್ ಗೋಡೆಯ ಕೆಲಸ ಅದರಲ್ಲಿದೆ. ಆ ಚಿತ್ರವನ್ನು ನಾನು ಮೆಚ್ಚುವುದು ಅದರ ಸಂಯಮಕ್ಕಾಗಿ. ಕಣ್ಣೀರಿಗೆ ಎಷ್ಟೊಂದು ಅವಕಾಶವಿದ್ದರೂ ರೇ ಅದನ್ನು ಬಳಸಿಕೊಳ್ಳುವುದಿಲ್ಲ. ಕೈಗಳನ್ನು ತೋರಿಸುತ್ತಾರೆ, ಚಿತ್ರಗಳನ್ನು ತೋರಿಸುತ್ತಾರೆ, ಚಹಾ ಕುಡಿಯುವ ಕಪ್ಪು ಕನ್ನಡಕದ ಮನುಷ್ಯನನ್ನು ತೋರಿಸುತ್ತಾರೆ. ಕೊನೆಯಲ್ಲಿ ಬಿನೋದ್ ಬಿಹಾರಿಯವರದೇ ಮಾತು ಬರುತ್ತದೆ: ಕುರುಡುತನ ಒಂದು ಹೊಸ ಭಾವ, ಹೊಸ ಅನುಭವ, ಇರವಿನ ಒಂದು ಹೊಸ ಸ್ಥಿತಿ ಎಂದು. ಇದರಲ್ಲಿ ದುಃಖವನ್ನು ಗೆದ್ದ ಘೋಷಣೆಯನ್ನು ಹುಡುಕಬೇಡಿ. ಹೊಸ ಮಾಧ್ಯಮವೊಂದನ್ನು ಕೈಗೆತ್ತಿಕೊಂಡ ಕೆಲಸಗಾರ ಅದರ ಗುಣವನ್ನು ಹೇಳುವ ಧಾಟಿ ಅದು.

ಬರವಣಿಗೆಯನ್ನೂ ಅವರು ಬಿಡಲಿಲ್ಲ. ಬಂಗಾಳಿಯಲ್ಲಿ ತಮ್ಮ ಬದುಕನ್ನೂ ಕಣ್ಣು ಹೋದ ಮೇಲಿನ ಲೋಕವನ್ನೂ ಕುರಿತು ಬರೆದರು. ‘ಚಿತ್ರಕರ್’ ಎಂಬ ಹೆಸರಿನಲ್ಲಿ ಆ ಬರಹಗಳು 1979ರಲ್ಲಿ ಪುಸ್ತಕವಾದವು, ಅದಕ್ಕೆ ರವೀಂದ್ರ ಪುರಸ್ಕಾರ ಬಂತು. ಮುಂದೆ ಅದನ್ನು ಇಂಗ್ಲಿಷಿಗೆ ತಂದವರು ಹಿಂದಿ ಭವನದ ಗೋಡೆಗೆ ನೆರವಾಗಿದ್ದ ಅದೇ ಸುಬ್ರಮಣ್ಯನ್. 1974ರಲ್ಲಿ ಪದ್ಮವಿಭೂಷಣ, 1977ರಲ್ಲಿ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯದ ದೇಶಿಕೋತ್ತಮ ಗೌರವ. 1980ರ ನವೆಂಬರ್ 11ರಂದು ಅವರು ತೀರಿಕೊಂಡರು. ಮಗಳು ಮೃಣಾಲಿನಿ ಬರೋಡದಲ್ಲಿ ಸುಬ್ರಮಣ್ಯನ್ ಅವರ ಬಳಿ ಕಲಿತು, ಸೆಣಬಿನ ಹಗ್ಗಕ್ಕೆ ಬಣ್ಣ ಕಟ್ಟಿ, ಗಂಟು ಹಾಕಿ ಹಾಕಿ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು. ಭಾರತದ ದೊಡ್ಡ ಶಿಲ್ಪಿಗಳಲ್ಲಿ ಒಬ್ಬರಾಗಿ 2015ರಲ್ಲಿ ತೀರಿಕೊಂಡರು. ಸಾವಿರಾರು ಗಂಟುಗಳಿಂದ ಒಂದು ಮೈಯನ್ನು ಕಟ್ಟುವ ಆ ವಿಧಾನವನ್ನು ನೋಡುವಾಗೆಲ್ಲ ನನಗೆ ತಂದೆಯ ಕೆಲಸ ನೆನಪಾಗುತ್ತದೆ.

ಬಿನೋದ್ ಬಿಹಾರಿಯವರಿಗೆ ಸಲ್ಲಬೇಕಾದ ದೊಡ್ಡ ಪ್ರದರ್ಶನ ನಡೆಯುವ ಹೊತ್ತಿಗೆ ಅವರು ಹೋಗಿ ಕಾಲು ಶತಮಾನ ಕಳೆದಿತ್ತು. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 2006-07ರಲ್ಲಿ ಗುಲಾಂ ಮೊಹಮ್ಮದ್ ಶೇಖ್ ಮತ್ತು ಆರ್. ಶಿವಕುಮಾರ್ ಸೇರಿ ಬಿನೋದ್ ಬಿಹಾರಿಯವರ ಜನ್ಮಶತಮಾನೋತ್ಸವದ ಪ್ರದರ್ಶನವನ್ನು ಕಟ್ಟಿದರು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೀವು ಅಲ್ಲಿಗೆ ಹೋದರೆ ಟಾಗೋರರ ಮನೆಗಳನ್ನು ನೋಡಿ ಬಸ್ ಹತ್ತಬೇಡಿ. ಹಿಂದಿ ಭವನದ ಒಳಗೆ ಹೋಗಲು ಸಾಧ್ಯವೇ ಎಂದು ವಿಚಾರಿಸಿ. ಒಳಗೆ ಹೋದರೆ ಮೊದಲು ಗೋಡೆಯ ಹತ್ತಿರ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆಯುತ್ತ ನೋಡಿ. ದೂರದಿಂದ ನೋಡುವುದು ಆಮೇಲೆ.

ಮಾತು ಮುಗಿಸಿದ ಮೇಲೆ ಸಭೆಯಲ್ಲಿದ್ದ ಒಬ್ಬ ವಿದ್ಯಾರ್ಥಿನಿ ನೇರವಾದ ಪ್ರಶ್ನೆಯೊಂದನ್ನು ಕೇಳಿದರು. ಕಣ್ಣು ಹೋದ ಮೇಲಿನ ಕೆಲಸ ನಿಜವಾಗಿಯೂ ಅಷ್ಟು ಒಳ್ಳೆಯದೇ, ಅಥವಾ ನಾವೆಲ್ಲ ಸೇರಿ ಅವರಿಗೆ ಕೃಪಾಂಕ ಕೊಡುತ್ತಿದ್ದೇವೆಯೇ ಎಂದು. ಇಂಥ ಪ್ರಶ್ನೆಯನ್ನು ಕೇಳಿದಾಗಲೇ ಒಬ್ಬ ಕಲಾವಿದನಿಗೆ ನಿಜವಾದ ಗೌರವ ಸಿಗುತ್ತದೆ. ನಾನು ಕೊಟ್ಟ ಉತ್ತರವನ್ನು ಇಲ್ಲಿಯೂ ಸೇರಿಸುತ್ತಿದ್ದೇನೆ.

ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಫೆಲ್ಟ್ ಪೆನ್ನಿನ ಗೆರೆಚಿತ್ರಗಳಲ್ಲಿ ಕೆಲವು ನನಗೆ ಅಭ್ಯಾಸದ ಹಾಳೆಗಳಂತೆಯೇ ಕಾಣುತ್ತವೆ. ಕಣ್ಣಿಲ್ಲದೆ ಎಳೆಯುವಾಗ ಕೈ ಒಮ್ಮೆ ಎತ್ತಿದರೆ ಮತ್ತೆ ಅದೇ ಜಾಗಕ್ಕೆ ಬರುವುದು ಕಷ್ಟ, ಆ ಕಷ್ಟ ಕೆಲವು ಹಾಳೆಗಳಲ್ಲಿ ಕಾಣುತ್ತದೆ. ಅವರ ಅತ್ಯುನ್ನತ ಕೆಲಸ ಯಾವುದು ಎಂದು ಕೇಳಿದರೆ ನಾನು ಎರಡನೆಯ ಯೋಚನೆಯಿಲ್ಲದೆ ಹಿಂದಿ ಭವನದ ಗೋಡೆ ಎನ್ನುತ್ತೇನೆ. ಆದರೆ ಕಾಗದದ ಕೆಲಸಗಳ ಮಾತು ಬೇರೆ. 1957ರ, ಹಣ್ಣು ಹಿಡಿದ ಹೆಣ್ಣಿನ ಕೊಲಾಜ್ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದನ್ನು ಮಾಡಿದವರಿಗೆ ಕಣ್ಣಿತ್ತೇ ಇಲ್ಲವೇ ಎಂಬುದನ್ನು ಮುಚ್ಚಿಟ್ಟು ಯಾರಿಗೆ ತೋರಿಸಿದರೂ ಅದು ನಿಲ್ಲುತ್ತದೆ. 1972ರ ಟೈಲ್ ಗೋಡೆಯೂ ನಿಲ್ಲುತ್ತದೆ. ಹಿಂದಿ ಭವನದಲ್ಲಿ ಇರುವ ಗುಂಪಿನ ಹರಿವು ಅಲ್ಲಿಲ್ಲ, ಒಂದೊಂದು ಮೈಯ ತೂಕ ಮತ್ತು ಅದು ನೆಲಕ್ಕೆ ಊರುವ ಬಗೆ ಮಾತ್ರ ಇದೆ. ಹಳೆಯ ಕೆಲಸದಲ್ಲಿ ಆ ತೂಕ ಇಷ್ಟು ಸ್ಪಷ್ಟವಾಗಿ ಇರಲಿಲ್ಲ ಎಂದು ನನ್ನ ಅಭಿಪ್ರಾಯ. ಮೇಣ, ಕಾಗದಗಳನ್ನು ವರ್ಷಗಟ್ಟಲೆ ಬೆರಳಲ್ಲಿ ಹಿಡಿದ ಮೇಲೆ ಅವರಿಗೆ ಅದು ಸಿಕ್ಕಿತು. ಹಾಗಾಗಿ ಕೃಪಾಂಕದ ಅಗತ್ಯ ಅವರಿಗಿಲ್ಲ. ನೀವು ಅಂಕ ಕೊಡುವುದೇ ಆದರೆ ಉಳಿದ ಚಿತ್ರಕಾರರಿಗೆ ಕೊಡುವಷ್ಟೇ ಬಿಗಿಯಾಗಿ, ಚಿತ್ರವನ್ನು ನೋಡಿ ಕೊಡಿ ಎಂದು ಆ ವಿದ್ಯಾರ್ಥಿನಿಗೆ ಹೇಳಿದೆ.